ಬಿದಿರಿನ ಗೊಟ್ಟ

ಈಗಲೂ ಯಾರಾದರೂ ನೀರು ಕುಡಿಯುವಾಗ ನೆತ್ತಿಗೆ ಹತ್ತಿ ಕೆಮ್ಮಿದರೆ ನನ್ನ ಕೈ ತಣ್ಣಗಾಗುತ್ತದೆ.

ಪುಣೆಯ ಕಾಲೇಜಿನಲ್ಲಿ ಬೇಸಾಯದ ಪಾಠ ಓದಿ ಬಂದ ಹೊಸತು. ಜಮಖಂಡಿ ಸಂಸ್ಥಾನದ ಹಳ್ಳಿಗಳಲ್ಲಿ ತಿರುಗಿ, ಹೈನು ಮಾಡುವವರಿಗೆ ಕರು ಸಾಕುವ ತಿಳಿವಳಿಕೆ ಎಷ್ಟಿದೆ ಎಂದು ಕೇಳಿ ಬರೆದುಕೊಂಡು ಬರುವ ಕೆಲಸ ಸಿಕ್ಕಿತ್ತು. ಅಚ್ಚಾದ ಹಾಳೆಗಳು. ಪ್ರತಿ ಪ್ರಶ್ನೆಯ ಎದುರಿಗೆ ‘ಗೊತ್ತಿದೆ’ ಇಲ್ಲವೇ ‘ಗೊತ್ತಿಲ್ಲ’ ಎಂದು ಬರೆಯಬೇಕು. ಸರಿಯಾದ ಉತ್ತರಗಳ ಪಟ್ಟಿ ನನ್ನ ಚೀಲದಲ್ಲಿರುತ್ತಿತ್ತು.

ಬನಹಟ್ಟಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಅತ್ತೆ, ಸೊಸೆ ಇಬ್ಬರೇ ಇದ್ದ ಮನೆ. ಇಬ್ಬರೂ ವಿಧವೆಯರು. ಇದ್ದುದು ಒಂದೇ ಎಮ್ಮೆ. ಅದರ ಹಾಲನ್ನು ಸೊಸೆ ಬನಹಟ್ಟಿಯ ನೇಕಾರರ ಓಣಿಗೆ ಹೊತ್ತು ಹಾಕಿ ಬರುತ್ತಿದ್ದಳು. ಅದರ ಮೇಲೆಯೇ ಅವರ ಒಲೆ ಉರಿಯುತ್ತಿತ್ತು. ನಾನು ಹೋದ ದಿನ ಬೆಳಗಿನ ಜಾವ ಎಮ್ಮೆ ಈದಿತ್ತು. ಹೆಣ್ಣುಗರು. ಬಿಸಿಲೇರಿದ್ದರೂ ಅದನ್ನು ಮೊಲೆಗೆ ಬಿಟ್ಟಿರಲಿಲ್ಲ.

“ಕರದ ಹಿಂದಿನ ಮಾಸು ಇನ್ನೂ ಬಿದ್ದಿಲ್ಲರಿ. ಅದು ಬೀಳೂತನಕ ಗಿಣ್ಣದ ಹಾಲು ಕುಡಿಸಿದ್ರ ಕರಾ ಹೊಟ್ಟಿ ಝಾಡಿಸಿ ಸಾಯತೈತಿ,” ಎಂದಳು ಅತ್ತೆ.

‘ಗೊತ್ತಿಲ್ಲ’ ಎಂದು ಬರೆದೆ. ಅಷ್ಟರ ಮಟ್ಟಿಗೆ ನಾನು ಬರೆದದ್ದು ಸರಿಯೇ. ಮೊದಲ ಹಾಲು ತಡವಾದಷ್ಟೂ ಕರು ಸೊರಗುತ್ತದೆ. ಕೂಡಲೇ ಕುಡಿಸಬೇಕು ಎಂದೆ.

“ಪುಣೇದಾಗ ಎಮ್ಮಿ ನಿಮ್ಮನ್ನ ಕೇಳೇ ಈಯತಾವೇನ್ರಿ ಸಾಹೇಬ್ರ?” ಮುದುಕಿ ನಕ್ಕಳು. ಸೊಸೆಯೂ ಸೆರಗು ಬಾಯಿಗಿಟ್ಟುಕೊಂಡಳು. ಆದರೂ ಹೋಗಿ ಹಿಂಡಿಕೊಂಡು ಬಂದಳು.

ಕರುವಿಗೆ ಎದ್ದು ನಿಲ್ಲುವ ತ್ರಾಣವಿರಲಿಲ್ಲ. ಇಂಥದಕ್ಕೆ ಹೇಗೆ ಕುಡಿಸುತ್ತೀರಿ ಎಂದು ಮುಂದಿನ ಪ್ರಶ್ನೆ ಕೇಳಿದೆ.

“ಬೆರಳು ಹಾಲಾಗ ಅದ್ದಿ ಚೀಪಸೂದ್ರಿ. ಕರದ ಮಾರಿ ತಗ್ಗಿಸೇ ಇರಬೇಕು. ತಾಸಾಗಲಿ, ಎರಡು ತಾಸಾಗಲಿ,” ಎಂದಳು ಸೊಸೆ.

ಬೆರಳಿನ ಮಾತು ನನ್ನ ಪಟ್ಟಿಯಲ್ಲಿರಲಿಲ್ಲ. ಮತ್ತೆ ‘ಗೊತ್ತಿಲ್ಲ’ ಎಂದು ಬರೆದೆ. ಅಂದು ಇನ್ನೂ ನಾಲ್ಕು ಮನೆಗಳು ಉಳಿದಿದ್ದವು. ದನಗಳಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ ಗೋಡೆಗೆ ಸಿಕ್ಕಿಸಿತ್ತು. ಅದನ್ನು ತೆಗೆದು ಹಾಲು ತುಂಬಿಸಿದೆ. ಎಡಗೈಯಲ್ಲಿ ಕರುವಿನ ತಲೆಯನ್ನು ಮೇಲೆತ್ತಿ ಹಿಡಿದೆ.

“ಅಷ್ಟು ಎತ್ತಬ್ಯಾಡ್ರೀ ಯಪ್ಪಾ, ಮಾರಿ ಇಳಸ್ರಿ!” ಸೊಸೆ ಎರಡು ಸಲ ಅಂದಳು. ನನಗೆ ಕೇಳಿಸಿತ್ತು. ಗೊಟ್ಟವನ್ನು ಬಗ್ಗಿಸಿದೆ.

ಗಂಟಲಲ್ಲಿ ಗುಳುಗುಳು ಸದ್ದು. ಕುಡಿಯುತ್ತಿದೆ ಅಂದುಕೊಂಡೆ. ಆಮೇಲೆ ಮೂಗಿನ ಎರಡೂ ಹೊಳ್ಳೆಗಳಿಂದ ಹಳದಿ ಹಾಲು ಇಳಿಯಿತು. ಕರು ಕೆಮ್ಮಲು ನೋಡಿತು, ಆಗಲಿಲ್ಲ. ಸೊಸೆ ನನ್ನನ್ನು ತಳ್ಳಿ, ಹಿಂಗಾಲು ಹಿಡಿದು ತಲೆಕೆಳಗು ಮಾಡಿ ಜಾಡಿಸಿದಳು. ಮತ್ತೆ ಜಾಡಿಸಿದಳು. ನನ್ನ ಅಂಗೈಯಲ್ಲಿ ಅದರ ದವಡೆಯ ಬಿಸಿ ಇನ್ನೂ ಇತ್ತು. ಕರು ಆಗಲೇ ಸತ್ತಿತ್ತು.

ಯಾರೂ ಬೈಯಲಿಲ್ಲ. ಮುದುಕಿ ಎಮ್ಮೆಯ ಕಡೆ ನೋಡಿ, “ಕರಾ ಇಲ್ಲದ ಇನ್ನ ಇದು ಹಾಲು ಇಳಸಂಗಿಲ್ಲ,” ಎಂದಳು, ಅಷ್ಟೇ.

ಎಂಟು ದಿನ ಬಿಟ್ಟು ಮತ್ತೆ ಆ ಮನೆಗೆ ಹೋದೆ. ಕರುವಿನ ತೊಗಲಿಗೆ ಹುಲ್ಲು ತುಂಬಿ ಎಮ್ಮೆಯ ಮುಂದೆ ನಿಲ್ಲಿಸಿದ್ದರು. ಎಮ್ಮೆ ಮೂಸಿತು, ಒಮ್ಮೆ ನೆಕ್ಕಿತು, ಆಚೆ ತಿರುಗಿತು. ಸೊಸೆ ಕೆಚ್ಚಲ ಕೆಳಗೆ ಚರಿಗೆ ಹಿಡಿದು ಕುಳಿತಿದ್ದಳು. ಅದರ ತಳ ಮುಚ್ಚುವಷ್ಟೂ ಹಾಲಿರಲಿಲ್ಲ. ನೇಕಾರರ ಓಣಿಯವರು ಬೇರೆ ಕಡೆ ಹಾಲು ಹಚ್ಚಿಕೊಂಡಿದ್ದರಂತೆ.

“ಆ ಹಾಳ್ಯಾಗ ನಮ್ಮದು ಏನಂತ ಬರದ್ರಿ?” ತಲೆ ಎತ್ತದೆ ಕೇಳಿದಳು.

“ಇನ್ನೂ ಬರದಿಲ್ಲ, ತಂಗಿ,” ಎಂದು ಸುಳ್ಳು ಹೇಳಿದೆ.

“ಹಂಗಾದ್ರ ಗೊತ್ತೈತಿ ಅಂತ ಬರೀರಿ. ಬೆರಳಿನ ಮಾತು ಖರೇನ ಗೊತ್ತಿತ್ತು ನನಗ.”

ಬಿಡಾರಕ್ಕೆ ಬಂದು, ತಿದ್ದಬೇಕೆಂದು ಹಾಳೆ ತೆಗೆದೆ. ತಿದ್ದಿದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಕರುವಿನ ಮಾತು ಬರುತ್ತದೆ. ಹಾಳೆಯನ್ನು ಹಾಗೆಯೇ ಕಟ್ಟಿನೊಳಗೆ ಸೇರಿಸಿ ಕಚೇರಿಗೆ ಕೊಟ್ಟೆ. ಆ ಮನೆಯ ಹಾಳೆಯಲ್ಲಿ ಎರಡು ಕಡೆ ‘ಗೊತ್ತಿಲ್ಲ’ ಎಂದೇ ಇದೆ. ಅಕ್ಷರಗಳು ನನ್ನವು.