ಗೌರಕ್ಕನ ಕೈಗುಣ

ಗೌರಕ್ಕ, ನಿಮ್ಮ ಕಂಪ್ಯೂಟರನ್ನು ಕೆಡಿಸುತ್ತಿದ್ದವನು ನಾನೇ. ನಿಮ್ಮ ಕೈಯಲ್ಲ — ರಿಪೇರಿಗೆಂದು ಬರುತ್ತಿದ್ದ ನನ್ನ ಕೈ.

ಹಾಸನದಿಂದ ಬಸ್ಸು ಹತ್ತಿ ಹೊಳೆನರಸೀಪುರದ ನಿಮ್ಮ ಕಾಲೇಜಿನ ಆಫೀಸಿಗೆ ಮೊದಲ ಸಲ ಬಂದಾಗ ನೆಟ್ ನಿಜವಾಗಿಯೂ ಕೆಟ್ಟಿತ್ತು. ಸರಿಮಾಡಿ ಏಳುವಷ್ಟರಲ್ಲಿ ನೀವು ಡಬ್ಬಿ ಬಿಚ್ಚಿದ್ದಿರಿ.

"ಅಂಗೇ ಓಗ್ಬ್ಯಾಡಿ ಸಾ, ಒಂದ್ ರೊಟ್ಟಿ ತಿನ್ಕಂಡು ಓಗಿ."

ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಉಣ್ಣುವವನಿಗೆ — ನಲವತ್ತು ದಾಟಿದರೂ ಊಟ ಆಯಿತಾ ಎಂದು ಕೇಳುವವರಿಲ್ಲದವನಿಗೆ — ಅಷ್ಟೇ ಸಾಕಾಯಿತು. ಮತ್ತೆ ಬರಬೇಕೆನ್ನಿಸಿತು. ಆದರೆ ಸುಮ್ಮನೆ ಬಂದು ಕೂರಲು ನಾನೇನು ನೆಂಟನೇ?

ಮುಂದಿನ ಸಲ ಪ್ರಿಂಟರ್ ರಿಪೇರಿಗೆಂದು ಕರೆಸಿದಾಗ, ನೀವು ಕೈ ತೊಳೆಯಲು ಹೋದ ಹೊತ್ತಿನಲ್ಲಿ, ಕಮಾಂಡ್ ಹೊಡೆಯುವ ಆ ಕಪ್ಪು ಪರದೆ ತೆರೆದೆ. 'ಐಪಿಕಾನ್ಫಿಗ್' ಎಂದು ಹೊಡೆದರೆ ಯಂತ್ರದ ವಿಳಾಸ ಕಾಣುತ್ತದೆ; ಇನ್ನೊಂದು ಸಾಲು ಹೊಡೆದರೆ ವಿಳಾಸವೇ ಬದಲಾಗುತ್ತದೆ. ನಿಮ್ಮ ಯಂತ್ರಕ್ಕೆ ಪ್ರಿನ್ಸಿಪಾಲರ ಯಂತ್ರದ ವಿಳಾಸವನ್ನೇ ಕೊಟ್ಟುಬಿಟ್ಟೆ. ಎರಡು ಮನೆಗೆ ಒಂದೇ ನಂಬರು ಬರೆದ ಹಾಗೆ. ಅವರು ನಿಮಗಿಂತ ಮೊದಲು ಬಂದು ತಮ್ಮದನ್ನು ಆನ್ ಮಾಡಿದ ದಿನ ನಿಮಗೆ ನೆಟ್ ಸಿಗುತ್ತಿರಲಿಲ್ಲ. ನೀವು ಫೋನ್ ಮಾಡುತ್ತಿದ್ದಿರಿ. ನಾನು ಬಂದು ಸರಿಮಾಡುತ್ತಿದ್ದೆ, ರೊಟ್ಟಿ ತಿನ್ನುತ್ತಿದ್ದೆ, ಮತ್ತೆ ಕೆಡಿಸಿ ಹೋಗುತ್ತಿದ್ದೆ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ.

ವಿದ್ಯಾರ್ಥಿಗಳ ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಕಡೆಯ ದಿನವೂ ಹಾಗೇ ಆಯಿತು. ನಾನು ಅರಕಲಗೂಡಿನಲ್ಲಿ ಬೇರೆ ಕೆಲಸದಲ್ಲಿದ್ದೆ. ಫೋನಿನಲ್ಲೇ ಒಂದು ಸಾಲು ಹೇಳಿದ್ದರೆ ನೀವೇ ಹೊಡೆದು ಮುಗಿಸುತ್ತಿದ್ದಿರಿ. ಹೇಳಿದರೆ, ಬದಲಿಸಿದ್ದು ಯಾರೆಂಬ ಮಾತು ಬರುತ್ತದೆಂದು — ನಾಳೆ ಬರುತ್ತೇನೆ ಎಂದುಬಿಟ್ಟೆ.

ಮರುದಿನ ಬರುವಷ್ಟರಲ್ಲಿ ಅಂಕ ಹೋಗಲಿಲ್ಲವೆಂದು ಪ್ರಿನ್ಸಿಪಾಲರು ಎಲ್ಲರೆದುರು ನಿಮಗೆ ಬೈದು, ನಿಮ್ಮನ್ನು ಹಳೇ ಕಡತಗಳ ಕೋಣೆಗೆ ಹಾಕಿದ್ದರು. ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ವಿಭೂತಿ ಇಟ್ಟು, ಮೌಸು ಮುಟ್ಟಿ ಕಣ್ಣಿಗೊತ್ತಿಕೊಂಡು ಕೆಲಸ ಶುರುಮಾಡುತ್ತಿದ್ದವರು ನೀವು. ಅವತ್ತು ಅಂಗೈ ನೋಡಿಕೊಳ್ಳುತ್ತಾ ಕೂತಿದ್ದಿರಿ.

"ನನ್ ಕೈಗುಣವೇ ಸರಿಯಿಲ್ಲ ಕಣ್ ಸಾ."

ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು ಹೇಳಿದ್ದು — "ವಯಸ್ಸಾಯ್ತಲ್ಲ ಅಕ್ಕ, ಬಿಡಿ."

ಅವತ್ತೂ ಡಬ್ಬಿ ಬಿಚ್ಚಿದಿರಿ. ಅವತ್ತೂ ತಿಂದೆ. ಸರಿಮಾಡಿದ ಯಂತ್ರವನ್ನು ಅವತ್ತು ಮಾತ್ರ ಮತ್ತೆ ಕೆಡಿಸಲಿಲ್ಲ. ತಿಂಗಳೊಳಗೆ ನೀವು ಕೆಲಸ ಬಿಟ್ಟಿರಿ. ಆಮೇಲೆ ಆ ಕಾಲೇಜಿನಿಂದ ನನಗೆ ಫೋನೂ ಬರಲಿಲ್ಲ. ಕೆಡಿಸುವವನು ಬಾರದ ಮೇಲೆ ಕೆಡುವುದೇನಿದೆ!

ಹೋದ ವಾರ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮನ್ನು ಕಂಡೆ. ನಿಮ್ಮ ಫೋನ್ ಹೊಡೆದುಕೊಳ್ಳುತ್ತಿತ್ತು. ನೀವು ಅದನ್ನು ಪಕ್ಕದಲ್ಲಿ ಕೂತ ಯಾರೋ ಹುಡುಗಿಯ ಕಡೆ ಹಿಡಿದಿರಿ.

"ನೀನೇ ಒತ್ಕೊಡವ್ವ. ನಾನ್ ಮುಟ್ಟುದ್ರೆ ಕೆಟ್ಟೋಯ್ತದೆ."

ಇಷ್ಟು ವರ್ಷವಾದ ಮೇಲೂ! ನಾನು ಕಂಬದ ಹಿಂದೆ ಸರಿದು ನಿಂತೆ. ನಿಮ್ಮ ಬಸ್ಸು ಹೋದ ಮೇಲೂ ನಿಂತೇ ಇದ್ದೆ. ಒಂಟಿತನ ನನ್ನದು — ಅದರ ಶಿಕ್ಷೆಯನ್ನು ನಿಮ್ಮ ಕೈಗೆ ಕೊಟ್ಟಿದ್ದೆ.

ನಾನು ಮಾಡಿದ್ದನ್ನೆಲ್ಲ ಬರೆದು ಕಾಲೇಜಿಗೆ ನಿನ್ನೆ ಕೊಟ್ಟುಬಂದೆ. ನಿಮ್ಮ ವಿಳಾಸವೂ ಅಲ್ಲೇ ಸಿಕ್ಕಿತು. ಈ ಭಾನುವಾರ ದುದ್ದದ ನಿಮ್ಮ ಮನೆಗೆ ಬರುತ್ತೇನೆ, ಲ್ಯಾಪ್‌ಟಾಪ್ ತರುತ್ತೇನೆ. ಕೆಡಿಸುವ ಸಾಲನ್ನು ನಿಮ್ಮೆದುರೇ ನಾನು ಹೊಡೆಯುತ್ತೇನೆ. ಸರಿಮಾಡುವ ಸಾಲನ್ನು ನೀವು ಹೊಡೆಯಬೇಕು, ನಿಮ್ಮದೇ ಬೆರಳಿನಿಂದ. ಆಮೇಲೆ ಎಷ್ಟು ಬೇಕಾದರೂ ಬೈಯಿರಿ, ಬಾಗಿಲು ಹಾಕಿಕೊಳ್ಳಿ.

ರೊಟ್ಟಿ ಮಾತ್ರ ಕೊಡಬೇಡಿ, ಅಕ್ಕ.