ಸೀಲು ಒಡೆಯದ ತ್ಯಾಗರಾಜರು

"ಸೀಲು ಹಾಕಿದ ಪೆಟ್ಟಿಗೇನ ನಾನು ಬಿಚ್ಚಿದೋನೇ ಅಲ್ಲ ಕಣಮ್ಮ. ವಿಮಾನದೊಳಗೆ ಕೂಡಿಸೋ ಗಡಿಯಾರದಂಥ ಉಪಕರಣಗಳು ಬೇರೆ ಊರಿಂದ ಬರೋವು. ತಂತಿ ಪೋಣಿಸಿ ಸೀಸದ ಸೀಲು ಒತ್ತಿರೋರು. ಸೀಲು ನೆಟ್ಟಗಿದೆಯಾ ನೋಡ್ಬೇಕು, ಮಾಡಿದೋನ ಚೀಟಿ ಜೊತೇಲಿದೆಯಾ ನೋಡ್ಬೇಕು, ನಮ್ಮ ಠಸ್ಸೆ ಒತ್ಬೇಕು. ಹೊಸದಾಗಿ ಸೇರಿದ ಹುಡುಗರಿಗೆ ಕೈ ತುರಿಸೋದು, ಒಳಗೇನಿದೆ ನೋಡೋಣ ಅಂತ. ನಿಮ್ಮಪ್ಪನ ಮನೆ ರೇಡಿಯೋನೇನೋ ಅದು ಅಂತ ಬಯ್ತಿದ್ದೆ. ಬಿಚ್ಚಿದ ಉಪಕರಣ ಕಸಕ್ಕೆ ಸಮ. ನನ್ನ ಠಸ್ಸೆ ಬಿದ್ದ ಒಂದು ವಸ್ತುವೂ ವಾಪಸ್ ಬಂದಿಲ್ಲ. ಈಗಲೂ ವಿಮಾನದ ಸದ್ದು ಕೇಳಿದ್ರೆ ತಲೆ ಎತ್ತಿ ನೋಡ್ತೀನಿ, ನನ್ನದೇನಾದ್ರೂ ಹೋಗ್ತಿದೆಯಾ ಅಂತ."

ತ್ಯಾಗರಾಜರು ಮಗಳು ಭಾರ್ಗವಿಗೆ ಎಷ್ಟು ಸಲ ಇದನ್ನು ಹೇಳಿದ್ದರೋ. ಕೋಲಾರದಿಂದ ಹುಡುಗನಾಗಿ ಬಂದು ನಾಶಿಕದ ಬಳಿಯ ಓಝರ್‌ನ ವಿಮಾನ ಕಾರ್ಖಾನೆ ಸೇರಿದವರು, ತಪಾಸಣೆಯ ಕೆಲಸದಲ್ಲೇ ತಲೆ ನರೆಸಿಕೊಂಡು, ನಿವೃತ್ತಿಯಾದ ಮೇಲೆ ನಾಶಿಕದಲ್ಲೇ ನಿಂತರು. ಬೀದಿಯಲ್ಲಿ ಯಾರು ನೀರಿನ ಪಂಪು ಕೊಂಡರೂ, ಗೀಸರ್ ಕೊಂಡರೂ, ಮೊದಲು ಅವರಿಗೆ ತೋರಿಸಬೇಕು. ಅವರು ತಟ್ಟಿ ನೋಡಿ ಹೂಂ ಅಂದರೆ ಮುಗಿಯಿತು.

ಆ ಹೆಸರು ಕೇಳಿಕೊಂಡೇ, ಎರಡು ಸಾವಿರದ ಹದಿನೆಂಟರಲ್ಲಿ, ಒಂದು ಕಂಪನಿಯವರು ಮನೆಗೆ ಬಂದು ಅವರನ್ನು ಸಭೆಗೆ ಕರೆದೊಯ್ದರು. ಊರುಗಳ ಸಫಾಯಿ ಕೆಲಸದವರ ಮುಖ ನೋಡಿ ಹಾಜರಿ ಹಾಕುವ ಯಂತ್ರವಂತೆ. ಅದಕ್ಕೆ ಕೃತಕ ಬುದ್ಧಿ ಕೊಟ್ಟಿದ್ದೇವೆ, ತಾನೇ ಕಲಿಯುತ್ತದೆ ಎಂದರು. ಹೆಸರು, ಫೋಟೋ ತುಂಬಿಸಿದ ಮೇಲೆ ತ್ಯಾಗರಾಜರು ಮುಂದೆ ನಿಂತರು. ಯಂತ್ರ ಅವರ ಹೆಸರನ್ನು ಸ್ಪಷ್ಟವಾಗಿ ಹೇಳಿತು. ಜನ ಚಪ್ಪಾಳೆ ತಟ್ಟಿದರು.

"ಒಳಗೆ ಹೇಗೆ ತೀರ್ಮಾನ ಮಾಡುತ್ತೆ ಇದು?" ಎಂದು ಅವರು ಕೇಳದೆ ಇರಲಿಲ್ಲ.

"ಒಳಗಿನದಕ್ಕೆ ಸೀಲಿದೆ ಕಾಕಾ. ಕಂಪನಿಯ ಗುಟ್ಟು," ಎಂದ ಯಂತ್ರ ತೋರಿಸುತ್ತಿದ್ದ ಹುಡುಗ ನಕ್ಕು.

ಸೀಲು ಎಂಬ ಮಾತು ಕಿವಿಗೆ ಬಿದ್ದದ್ದೇ ತ್ಯಾಗರಾಜರ ಕೈ ಹಿಂದೆ ಸರಿಯಿತು. ಅಷ್ಟು ವರ್ಷದ ಅಭ್ಯಾಸ. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಪರೀಕ್ಷಿಸಿದೆ, ಸರಿಯಾಗಿದೆ ಎಂಬ ಕಾಗದಕ್ಕೆ ಅವರು ರುಜು ಹಾಕಿದರು.

"ಬರೀ ನಿಮ್ಮ ಮುಖ ನೋಡಿದ್ದಕ್ಕೆ ಶಾಲಾ? ನಾನು ದಿನಾ ನೋಡ್ತೀನಿ, ನನಗೇನು ಕೊಡ್ತಾರಂತೆ?" ಎಂದು ಹೆಂಡತಿ ಅನಸೂಯ ಚುಡಾಯಿಸಿದರು. ಕಾಯಿ ಒಡೆದು ಚಟ್ನಿ ಮಾಡಿದರು. ವಿಷಯ ಅಲ್ಲಿಗೆ ಮರೆತುಹೋಯಿತು.

ಮರುವರ್ಷದ ಚಳಿಗಾಲಕ್ಕೆ ಗಂಡ ಹೆಂಡತಿ ಮಗಳ ಮನೆಗೆ, ಈಗಿನ ಸಂಭಾಜಿನಗರಕ್ಕೆ ಬಂದರು. ಭಾರ್ಗವಿಯ ಗಂಡನಿಗೆ ಊರಾಚೆಯ ಶೇಂದ್ರಾದ ಕಾರ್ಖಾನೆಯಲ್ಲಿ ಕೆಲಸ. ಬೀದಿ ಗುಡಿಸಲು ಬರುತ್ತಿದ್ದವಳು ಗುಂಡವ್ವ, ಅಫಜಲಪುರದ ಕಡೆಯವಳು. ಮನೆಯೊಳಗಿಂದ ಕನ್ನಡ ಕೇಳಿದ ದಿನವೇ ಪೊರಕೆ ಗೋಡೆಗೆ ಆನಿಸಿ, "ಅವ್ವಾರ, ಕುಡ್ಯಾಕ ನೀರ ಕೊಡ್ರಿ," ಎಂದು ನಿಂತಿದ್ದಳು. ಆಮೇಲೆ ದಿನವೂ ಅನಸೂಯ ಅವಳಿಗೆ ಚಹಾ ಇಡುತ್ತಿದ್ದರು.

ಒಂದು ಬೆಳಿಗ್ಗೆ ಅವಳು ಚಹಾ ಮುಟ್ಟಲಿಲ್ಲ.

"ನನ್ನ ಮಾರಿ ಆ ಮಶೀನಿಗೆ ಗುರ್ತ ಸಿಗವಲ್ದರಿ. ಎದರಿಗಿ ನಿಂತ್ರ ಕೆಂಪ ದೀಪ ಹಚ್ಚತೈತಿ. ಬೀದಿ ಎಲ್ಲಾ ಹೊಡದೀನಿ, ನಮ್ಮ ಮ್ಯಾಲಿನ ಮುಕಾದಮ ನೋಡ್ಯಾನ, ಆದ್ರೂ ಬಂದಿಲ್ಲಂತ ಬರೀತೈತಿ. ಇನ್ನ ಕೆಲಸದಿಂದ ತೆಗೀತೀವಂತ ನೋಟಿಸ ಕೊಟ್ಟಾರ. ಈ ಪಗಾರದ ಮ್ಯಾಲ ಮೂರ ಹೊಟ್ಟಿ ಅದಾವ್ರಿ."

"ಇವರು ಬರ್ತಾರೆ ನಿನ್ನ ಜೊತೆ. ಇವರಿಗೆ ಯಂತ್ರದ್ದು ಗೊತ್ತಾಗುತ್ತೆ," ಎಂದರು ಅನಸೂಯ, ಗಂಡನನ್ನು ಕೇಳದೆಯೇ.

ಚಳಿಯಿತ್ತು. ತ್ಯಾಗರಾಜರು ಅದೇ ಶಾಲು ಹೊದ್ದು ಹೊರಟರು.

ವಾರ್ಡ್ ಕಚೇರಿಯ ಸಾಹೇಬರ ಹೆಸರು ಜಯಕರ. ಕೆಟ್ಟ ಮನುಷ್ಯನಲ್ಲ. ಮರಾಠಿಯಲ್ಲಿ ಸಮಾಧಾನವಾಗಿಯೇ ಹೇಳಿದರು.

"ಕಾಕಾ, ಈ ಹೆಂಗಸು ಕಸ ಹೊಡೆಯೋದನ್ನ ನಾನೇ ನೋಡಿದ್ದೀನಿ. ಯಂತ್ರ ಯಾಕೆ ಇಲ್ಲ ಅನ್ನುತ್ತೆ ಅಂತ ಕಂಪನಿಯನ್ನ ಕೇಳಿದೆ. ಹೇಳಬೇಕು ಅಂತ ಕರಾರಿನಲ್ಲಿ ಇಲ್ಲ ಅಂದ್ರು. ಕರಾರು ತೋರಿಸಿ ಅಂದೆ. ಅದೂ ಗುಟ್ಟಂತೆ. ನಾನು ಏನು ಮಾಡಲಿ? ಯಂತ್ರ ತಪ್ಪು ಅಂತ ಮೇಲಿನವರಿಗೆ ಬರೆದರೆ, ನಾಶಿಕದಲ್ಲಿ ವಿಮಾನ ಕಾರ್ಖಾನೆಯ ದೊಡ್ಡ ಇಂಜಿನಿಯರು ಪರೀಕ್ಷೆ ಮಾಡಿದ್ದಾರೆ, ನೀನು ಯಾರಪ್ಪಾ ಅಂತಾರೆ."

ತ್ಯಾಗರಾಜರಿಗೆ ಆ ಕಾಗದ, ಆ ರುಜು ನೆನಪಾಯಿತು. ಕಚೇರಿಯಲ್ಲಿದ್ದ ಫ್ಯಾನು, ಕಡತ, ಕ್ಯಾಲೆಂಡರು ಎಲ್ಲವೂ ತಮ್ಮನ್ನೇ ನೋಡುತ್ತಿವೆ ಅನ್ನಿಸಿತು. ಅವರು ಇಂಜಿನಿಯರೂ ಅಲ್ಲ.

ಗುಂಡವ್ವ ಅವರ ಕಡೆ ತಿರುಗಿ ಕನ್ನಡದಲ್ಲಿ ಅಂದಳು. "ಆ ಇಂಜನೇರ ಸಿಕ್ರ ಕೇಳ್ತಿದ್ನಿರಿ. ಯಪ್ಪಾ, ಒಳಗ ಏನ ನೋಡಿ ಹೂಂ ಅಂದಿ ಅಂತ."

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎದ್ದು ನಮಸ್ಕಾರ ಹೇಳಿ ಬಂದುಬಿಡಬಹುದಿತ್ತು. ಹಾಗೆ ಏಳಲೆಂದು ಅವರು ಕುರ್ಚಿಯ ಕೈ ಹಿಡಿದದ್ದೂ ನಿಜ.

"ಆ ಮನುಷ್ಯ ನಾನೇ," ಎಂದರು, ಮರಾಠಿಯಲ್ಲಿ. ಆಮೇಲೆ ಕನ್ನಡದಲ್ಲಿ ಅವಳಿಗೂ ಹೇಳಿದರು.

ಜಯಕರರು ಎದ್ದು ನಿಂತುಬಿಟ್ಟರು. "ಅರೇ ಕಾಕಾ, ಮೊದಲೇ ಹೇಳಬಾರದೇ?" ಚಹಾ ತರಿಸಿದರು. ಒಂದೇ ಕಪ್ಪು ಬಂತು, ತ್ಯಾಗರಾಜರಿಗೆ. "ಹಾಗಾದರೆ ನೀವೇ ಇವಳಿಗೆ ತಿಳಿಸಿ ಹೇಳಿ, ಯಂತ್ರ ಸರಿ ಇದೆ ಅಂತ."

ಆ ಮರ್ಯಾದೆಯೇ ಅವರಿಗೆ ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು.

"ನಾನು ಒಳಗೆ ನೋಡಿಲ್ಲ," ಎಂದರು. "ಸೀಲಿದೆ ಅಂದ್ರು, ಬಿಟ್ಟೆ. ಕಾರ್ಖಾನೆಯ ಸೀಲಿನ ಹಿಂದೆ ಒಬ್ಬ ಮನುಷ್ಯ ಇರ್ತಿದ್ದ. ಅವನ ನಂಬರು ಚೀಟಿಯಲ್ಲಿ ಇರ್ತಿತ್ತು. ಉಪಕರಣ ಕೆಟ್ಟರೆ ರೈಲು ಹತ್ತಿ ಬಂದು ನಮ್ಮೆದುರಿಗೇ ಬಿಚ್ಚಿ ತೋರಿಸೋನು. ಇದರ ಹಿಂದೆ ಯಾರಿದ್ದಾರೆ ಅಂತ ಕೇಳಲೇ ಇಲ್ಲ. ಶಾಲು ಹೊದಿಸಿದ್ರು, ರುಜು ಹಾಕಿದೆ."

ಗುಂಡವ್ವ ಸೆರಗನ್ನು ಬಾಯಿಗೆ ಹಿಡಿದು ಅವರನ್ನೇ ನೋಡಿದಳು. ಬೈಯುತ್ತಾಳೆ ಎಂದು ಅವರು ಕಾದರು.

"ಇರ್ಲಿ ಬಿಡ್ರಿ ಸಾಹೇಬ್ರ," ಎಂದಳು. ಅಲ್ಲಿಯವರೆಗೆ ಅವಳು ಅವರನ್ನು ಅಪ್ಪಾರ ಎನ್ನುತ್ತಿದ್ದಳು.

ತ್ಯಾಗರಾಜರು ಹಾಳೆ ಕೇಳಿ ಪಡೆದು, ನಾನು ಯಂತ್ರದ ಒಳಗನ್ನು ಪರೀಕ್ಷಿಸಿಲ್ಲ, ರುಜು ಹಿಂದಕ್ಕೆ ಪಡೆಯುತ್ತೇನೆ, ಕಂಪನಿ ಎಲ್ಲರೆದುರು ಕಾರಣ ಹೇಳಬೇಕು ಎಂದು ಬರೆದರು. ಜಯಕರರು ಎರಡು ಸಲ ಓದಿದರು.

"ನಿಮ್ಮ ಹೆಸರು ಹೋಗುತ್ತೆ ಕಾಕಾ."

"ಹೋಗಲಿ."

"ಇದು ಕೈಯಲ್ಲಿದ್ದರೆ ನಾನು ನೋಟಿಸು ತಡೀಬಹುದು. ಕಂಪನಿ ಕಾರಣ ಹೇಳೋ ತನಕ ಇವಳ ಹಾಜರಿ ಮುಕಾದಮ ಕೈಯಲ್ಲೇ ಬರೀಲಿ. ನನ್ನ ವಾರ್ಡಿಗೆ ಮಾತ್ರ ಆಯಿತು ಇದು. ಬೇರೆ ವಾರ್ಡುಗಳಲ್ಲೂ ಆ ಯಂತ್ರ ಇದೆ."

ಚಹಾ ಕೆನೆ ಕಟ್ಟಿತ್ತು. ಅವರು ಅದನ್ನು ಗುಂಡವ್ವನ ಕಡೆ ಸರಿಸಿದರು. ಅವಳು ಬೇಡವೆಂದು ತಲೆಯಾಡಿಸಿದಳು.

ಮನೆಯಲ್ಲಿ ಎಲ್ಲವನ್ನೂ ಕೇಳಿದ ಮೇಲೆ ಅನಸೂಯ ಚುಡಾಯಿಸಲಿಲ್ಲ. ಶಾಲನ್ನು ಮಡಚಿ ಕಪಾಟಿನಲ್ಲಿಟ್ಟರು.

ಮರುದಿನ ಗುಂಡವ್ವ ಕೆಲಸಕ್ಕೆ ಬಂದಿದ್ದಳು. ಪೊರಕೆಯ ಸದ್ದು ಬೀದಿಯ ಆ ತುದಿಯಿಂದ ಹತ್ತಿರವಾಯಿತು, ಗೇಟಿನ ಮುಂದೆ ನಿಲ್ಲದೆ ಮುಂದಕ್ಕೆ ಹೋಯಿತು. ಅನಸೂಯ ಚಹಾದ ಲೋಟ ಹಿಡಿದು ಹಿಂದೆಯೇ ಹೋದರು.

ತ್ಯಾಗರಾಜರು ತಾವು ಒಂದು ದಿನವೂ ಒಳಗೆ ಇಣುಕದ ಅಡುಗೆಮನೆಯ ಕಸದ ಬುಟ್ಟಿಯನ್ನು ಹಿತ್ತಲಿಗೆ ತಂದು, ಕುಕ್ಕರಗಾಲಲ್ಲಿ ಕೂತು, ಈರುಳ್ಳಿ ಸಿಪ್ಪೆಯನ್ನು ಒಂದು ಕಡೆ, ಹಾಲಿನ ಪಾಕೀಟನ್ನು ಇನ್ನೊಂದು ಕಡೆ ಬೇರೆ ಮಾಡತೊಡಗಿದರು.