ನೆಟ್ಟಗೆ ಮಾಡಿದ ಬೆರಳುಗಳು

ಜಮಖಂಡಿಯ ಆಸ್ಪತ್ರೆಯಿಂದ ತಮ್ಮನನ್ನು ಮನೆಗೆ ಕರೆತರುವ ದಿನ, ಅಲ್ಲಿ ಅವನಿಗೆ ವ್ಯಾಯಾಮ ಮಾಡಿಸುತ್ತಿದ್ದ ಮೇಡಂ ನನಗೆ ಒಂದು ಮಾತು ಹೇಳಿದ್ದರು. ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾನೂ ಅದರಂತೆ ನಡೆಯಲಿಲ್ಲ. ಆಮೇಲೆ ಅದರ ತಪ್ಪು ಅವ್ವನ ಮೇಲೆ ಬಿದ್ದಾಗ ಬಾಯಿ ಮುಚ್ಚಿಕೊಂಡು ನಿಂತೆ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಹಿತ್ತಲ ಶೆಡ್ಡಿನಲ್ಲಿ ಕರೆಂಟಿನ ಮಗ್ಗಗಳಿವೆ. ತಮ್ಮ ಸೀರೆ ನೇಯುತ್ತಿದ್ದ, ಅವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನಾನು ಗಂಡನ ಮನೆ ಬಿಟ್ಟು ಬಂದವಳು, ಶಾಲೆಯನ್ನು ಐದನೆಯ ಇಯತ್ತೆಗೇ ಬಿಟ್ಟವಳು. ಒಂದು ಬೇಸಿಗೆಯಲ್ಲಿ ತಮ್ಮ ಬೀಳಗಿ ಕಡೆಯ ಗೆಳೆಯನ ಹೊಲಕ್ಕೆ ಹೋಗಿ, ವರ್ಷವರ್ಷವೂ ಈಜುತ್ತಿದ್ದ ಬಾವಿಗೆ ತಲೆ ಕೆಳಗೆ ಮಾಡಿ ಹಾರಿದ. ಆ ವರ್ಷ ನೀರು ಇಳಿದಿತ್ತು. ಕತ್ತಿನ ಹತ್ತಿರ ಬೆನ್ನುಹುರಿಗೆ ಪೆಟ್ಟು ಬಿತ್ತು. ಆಪರೇಷನ್ ಆಯಿತು, ಜೀವ ಉಳಿಯಿತು, ಕಾಲುಗಳು ಹೋದವು. ಕೈಗಳಲ್ಲಿ ಭುಜ ಆಡುತ್ತಿತ್ತು, ಮೊಳಕೈ ಮಡಚುತ್ತಿದ್ದ, ಮಣಿಕಟ್ಟನ್ನು ಮೇಲಕ್ಕೆ ಎತ್ತುತ್ತಿದ್ದ. ಬೆರಳು ಮಾತ್ರ ಅಲುಗುತ್ತಿರಲಿಲ್ಲ. ಒಳಕ್ಕೆ ಬಾಗಿಕೊಂಡು ಹಾಗೇ ಇರುತ್ತಿದ್ದವು.

ಅವ್ವ ಅವನ ಮಗ್ಗುಲಲ್ಲಿ ಕೂತಿದ್ದಾಗ ಮೇಡಂ ನನ್ನನ್ನು ಹೊರಗೆ ಕರೆದು ಹೇಳಿದ ಮಾತು ಈ ಬೆರಳುಗಳದ್ದೇ.

"ಅಕ್ಕಾರ, ಬೆರಳ ಬಾಗ್ಯಾವಂತ ಜಗ್ಗಿ ನೆಟ್ಟಗ ಮಾಡಬ್ಯಾಡ್ರಿ. ಮಣಿಕಟ್ಟ ಮ್ಯಾಲ ಎತ್ತಿದ್ರ ಬೆರಳ ತಾವ ಮುಚ್ಚತಾವ, ನೋಡ್ರಿ ಹಿಂಗ. ಆ ಬಿಗಿ ಇದ್ರ ನಾಳೆ ಲೋಟ ಹಿಡಿತಾನ, ಚಮಚ ಹಿಡಿತಾನ. ಬಿಗಿ ಸಡಲಾತಂದ್ರ ಮುಗೀತು."

ಆತ್ರಿ ಎಂದೆ. ತಿಳಿಯಲಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ತಿಳಿದಿತ್ತು. ನಂಬಿಕೆ ಬರಲಿಲ್ಲ.

ಚಿಕ್ಕಂದಿನಲ್ಲಿ ನನ್ನ ಕೆಲಸ ನೂಲಿನ ಲಡಿ ಜಗ್ಗುವುದಾಗಿತ್ತು. ಗಂಜಿಯಲ್ಲಿ ಅದ್ದಿ ತೆಗೆದ ಲಡಿಯನ್ನು ಬಿದಿರಿನ ಗಳಕ್ಕೆ ಹಾಕಿ, ಕೆಳಗೊಂದು ಕೋಲು ತೂರಿಸಿ, ಮೈಭಾರವೆಲ್ಲ ಬಿಟ್ಟು ಜಗ್ಗಬೇಕು. ಹಸಿ ಇರುವಾಗಲೇ ಜಗ್ಗದಿದ್ದರೆ ಎಳೆಗಳು ಮುದುಡಿ ಒಣಗಿಬಿಡುತ್ತವೆ, ಆ ನೂಲು ಮಗ್ಗ ಏರುವುದಿಲ್ಲ. ಮುದುಡಿದ್ದನ್ನು ಮುದುಡಿದಂತೆಯೇ ಬಿಟ್ಟವಳು ಮೈಗಳ್ಳಿ ಎಂದು ಅಪ್ಪನಿಂದ ಬೈಸಿಕೊಂಡೇ ಬೆಳೆದವಳು ನಾನು. ಬಾಗಿದ ಬೆರಳನ್ನು ಬಾಗಿದಂತೆಯೇ ಬಿಡಿ ಎಂದರೆ ನನ್ನ ಕೈ ಕೇಳಲಿಲ್ಲ.

ಅದರ ಮೇಲೆ ಎದುರು ಮನೆಯ ಮುದುಕಿ ತಮ್ಮನನ್ನು ನೋಡಲು ಬಂದವಳು, ಹೊಸ್ತಿಲು ದಾಟುವಾಗ ನನಗಷ್ಟೇ ಕೇಳುವಂತೆ ಅಂದಳು: "ಕೋಳಿ ಕಾಲ ಆದಂಗ ಆಗ್ಯಾವಲ್ಲಬೇ ಕೈ. ಮನ್ಯಾಗ ಇಬ್ಬರ ಹೆಣಮಕ್ಕಳಿದ್ದು ಒಂದೀಟ ತಿಕ್ಕಾಕ ಆಗಂಗಿಲ್ಲೇನ?"

ಅವತ್ತಿನಿಂದಲೇ ಶುರು ಮಾಡಿದೆ. ಮಧ್ಯಾಹ್ನದ ಗುಳಿಗೆ ನುಂಗಿದರೆ ತಮ್ಮನಿಗೆ ಗಾಢ ನಿದ್ದೆ. ಅವ್ವ ಶೆಡ್ಡಿನಲ್ಲಿರುತ್ತಿದ್ದಳು. ಅವನು ಎಚ್ಚರವಿದ್ದಾಗ ಅವ್ವನನ್ನು ಬಿಟ್ಟು ಬೇರೆ ಯಾರು ಕೈ ನೋಡಿದರೂ ಸಿಟ್ಟಾಗಿ ಚಾದರದೊಳಗೆ ಎಳೆದುಕೊಳ್ಳುತ್ತಿದ್ದ. ಹಾಗಾಗಿ ನಿದ್ದೆಯಲ್ಲೇ ಅವನ ಬಲಗೈ ತೊಡೆಯ ಮೇಲಿಟ್ಟುಕೊಂಡು, ಮಣಿಕಟ್ಟು ಹಿಂದಕ್ಕೆ ಒತ್ತಿ, ನಾಲ್ಕೂ ಬೆರಳು ಸೇರಿಸಿ ಜಗ್ಗುತ್ತಿದ್ದೆ. ಹೊತ್ತು ಉಳಿದರೆ ಎಡಗೈ. ಬೆರಳುಗಳಿಗೆ ಸ್ಪರ್ಶವೇ ತಿಳಿಯದ್ದರಿಂದ ಅವನು ಏಳುತ್ತಿರಲಿಲ್ಲ. ದಿನ ಕಳೆದಂತೆ ಕೈ ಚೆಂದ ಕಾಣತೊಡಗಿತು. ಅಂಗೈ ಬಿಚ್ಚಿತು. ನನ್ನ ಕೈಗುಣವೆಂದೇ ಒಳಗೊಳಗೆ ಬೀಗಿದೆ. ಅವ್ವ ಬೆಳಿಗ್ಗೆ ಬೆಚ್ಚಗಿನ ಎಣ್ಣೆ ಸವರಿ ಮೆಲ್ಲಗೆ ತಿಕ್ಕುತ್ತಿದ್ದಳು, ಅಷ್ಟೇ. ಬೆರಳು ಬಿಚ್ಚಿದ್ದು ಎಣ್ಣೆಯಿಂದಲೇ ಎಂದು ಅವಳು ನಂಬಿದ್ದಳು. ನಾನೂ ಹೌದೆಂದೆ.

ಮುಂದೆ ಜಮಖಂಡಿಯ ಮೇಡಂ ಫೋನ್ ಮಾಡಿದರು. ಮುಧೋಳ ದಾಟಿ ಹೋಗುವ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಒಂದು ಹೊಸ ಪ್ರಯೋಗ ನಡೆದಿದೆಯಂತೆ. ಕತ್ತಿನ ಹಿಂದೆ ಚರ್ಮದ ಮೇಲೆ ಪಟ್ಟಿ ಅಂಟಿಸಿ ಸಣ್ಣಗೆ ಕರೆಂಟು ಬಿಡುತ್ತಾರೆ, ಅದು ಹರಿಯುವಾಗಲೇ ಕೈಯಿಂದ ಕೆಲಸ ಮಾಡಿಸುತ್ತಾರೆ. ಅಳಿದುಳಿದ ನರಗಳು ಎಚ್ಚರಾಗಬಹುದು, ಆಗದೆಯೂ ಇರಬಹುದು. ಎಲ್ಲರನ್ನೂ ತೆಗೆದುಕೊಳ್ಳುವುದಿಲ್ಲ, ಮೊದಲು ಕೈ ನೋಡುತ್ತಾರೆ. ತಮ್ಮ ಅದನ್ನೇ ಹಿಡಿದು ಕೂತ. ತನ್ನ ಕೈಯಿಂದ ಒಂದು ಲೋಟ ನೀರು ಕುಡಿದರೆ ಸಾಕು ಎನ್ನುತ್ತಿದ್ದ.

ಆ ಆಸ್ಪತ್ರೆಯಲ್ಲಿ ಕೈ ನೋಡಿದವರು ವಯಸ್ಸಾದ ಡಾಕ್ಟರು. ತಮ್ಮನ ಬಲ ಮಣಿಕಟ್ಟನ್ನು ಮೇಲಕ್ಕೆ ಎತ್ತಿಸಿದರು. ಬೆರಳುಗಳು ಮುಚ್ಚಬೇಕಿತ್ತು. ತೆರೆದೇ ಇದ್ದವು. ಮತ್ತೆ ಎತ್ತಿಸಿದರು. ಎಡಗೈ ಎತ್ತಿಸಿದರು, ಅದು ಒಂದಿಷ್ಟು ಬಾಗಿತು.

"ಇದನ್ನ ಯಾರೋ ಜಗ್ಗ್ಯಾರ. ಮನ್ಯಾಗ ಕೈ ತಿಕ್ಕವರು ಯಾರ್ರಿ?"

ಅವ್ವ ಮುಂದೆ ಬಂದಳು. ಹೊಗಳುತ್ತಾರೆಂದು ತಿಳಿದಿದ್ದಳೋ ಏನೋ. "ನಾನ್ರೀ ಸಾಹೇಬ್ರ. ದಿನಾ ಎಣ್ಣಿ ಹಚ್ಚತೇನ್ರಿ."

"ಹಿಂಗ ಮಾಡಬಾರದಿತ್ತವ್ವಾ. ಹಿಡಿಯೋ ಬಿಗೀನ ಹೋಗೇತಿ," ಎಂದು ಅವರು ಬಿಡಿಸಿ ಹೇಳಿದರು. ಬೆರಳುಗಳನ್ನು ಬಾಗಿಸಿ ಪಟ್ಟಿ ಕಟ್ಟಿ, ಕೆಲವು ತಿಂಗಳು ಇಟ್ಟು ಕರೆತನ್ನಿ, ಬಿಗಿ ಮರಳಿದರೆ ನೋಡೋಣ ಎಂದರು. ಮನೆಯಲ್ಲಿ ಪಟ್ಟಿ ಕಟ್ಟುವವರು ಯಾರು ಎಂದು ಕೇಳಿದರು.

"ಅವ್ವ ಬ್ಯಾಡ್ರಿ," ಅಂದ ತಮ್ಮ. "ಅಕ್ಕ ಕಟ್ಟತಾಳ್ರಿ."

ಅಲ್ಲಿ ನಾನು ಬಾಯಿ ಬಿಡಬೇಕಿತ್ತು. ಪಟ್ಟಿ ಕಟ್ಟುವುದನ್ನು ತೋರಿಸಿದರು, ಕಲಿತುಕೊಂಡೆ.

ಬರುವಾಗ ಮುಧೋಳದಲ್ಲಿ ಗಾಡಿ ನಿಲ್ಲಿಸಿ ಚಹಾ ತರಿಸಿದೆವು. ಅವ್ವ ರೂಢಿಯಂತೆ ಆರಿಸಿ ಅವನ ತುಟಿಗೆ ಹಿಡಿದಳು. ಅವನು ಮುಖ ತಿರುಗಿಸಿದ. "ಅಕ್ಕ ಕುಡಸ್ಲಿ." ಅವ್ವ ಕಪ್ಪನ್ನು ನನಗೆ ಕೊಟ್ಟಳು. ನಾನು ಕುಡಿಸಿದೆ. ಕಣ್ಣು ತುಂಬಿ ಕಪ್ಪಿನ ಅಂಚು ಕಾಣದೆ ಅವನ ಅಂಗಿಯ ಮೇಲೆ ಚಹಾ ಚೆಲ್ಲಿದೆ. "ಅಳಬ್ಯಾಡಬೇ ಯಕ್ಕಾ," ಎಂದು ನನಗೇ ಸಮಾಧಾನ ಹೇಳಿದ. "ನೀ ಇದ್ದೀ ಅಂತ ಧೈರ್ಯ."

ಆ ತಿಂಗಳುಗಳಲ್ಲಿ ಎಣ್ಣೆಯ ಬಟ್ಟಲು ಗೋಡೆಯ ಮಾಡದಿಂದ ಕೆಳಗಿಳಿಯಲಿಲ್ಲ. ಅವ್ವ ಊಟದ ತಾಟು ತಂದು ಅವನ ಮುಂದಿಟ್ಟು ಶೆಡ್ಡಿಗೆ ಹೋಗಿಬಿಡುತ್ತಿದ್ದಳು. ನಾನು ಪಟ್ಟಿ ಕಟ್ಟುತ್ತಿದ್ದೆ, ಬಿಚ್ಚುತ್ತಿದ್ದೆ, ಬಿಗಿ ಬಂತೇ ಎಂದು ಮಣಿಕಟ್ಟು ಎತ್ತಿಸಿ ನೋಡುತ್ತಿದ್ದೆ. ಪೂರ್ತಿ ಬಂದರೆ ಯಾರಿಗೂ ಹೇಳುವ ಪ್ರಸಂಗವೇ ಬರುವುದಿಲ್ಲವಲ್ಲ ಎಂದು ಆಸೆಪಡುತ್ತಿದ್ದೆ. ದೇವರಿಗೆ ಹರಕೆ ಹೊತ್ತದ್ದು ಅರ್ಧ ಅವನ ಸಲುವಾಗಿ, ಅರ್ಧ ನನ್ನ ಸಲುವಾಗಿ.

ಎಡಗೈಗೆ ಬಿಗಿ ಬಂತು. ಬಲಗೈಗೆ ಬರಲಿಲ್ಲ. ಎಡಗೈ ನೋಡಿ ಅವನನ್ನು ಪ್ರಯೋಗಕ್ಕೆ ತೆಗೆದುಕೊಂಡರು. ಅಲ್ಲೇ ಹತ್ತಿರ ಕೋಣೆ ಹಿಡಿದು ನಾನು ಅವನೊಂದಿಗೆ ಉಳಿದೆ, ಅವ್ವ ಮಗ್ಗ ನೋಡಿಕೊಂಡು ಮನೆಯಲ್ಲಿದ್ದಳು. ಕತ್ತಿಗೆ ಪಟ್ಟಿ ಅಂಟಿಸಿ ಕರೆಂಟು ಬಿಟ್ಟಾಗ ತಮ್ಮ ಮೊದಲು ನಕ್ಕ. "ಇರಿವಿ ಹರದಾಡಿದಂಗ ಆಕ್ಕೈತ್ರಿ. ನಮ್ಮ ಮಗ್ಗಕ್ಕ ಕೊಟ್ಟಂಗ ನನಗೂ ಕರೆಂಟ್ ಕೊಟ್ರಿ. ನಡುವ ತಗದೀರಿ ಮತ್ತ, ನಮ್ಮೂರಿನಂಗ." ಅಲ್ಲಿ ವ್ಯಾಯಾಮ ಮಾಡಿಸುವ ಮೇಡಂಗಳೂ ನಕ್ಕರು.

ಗೋಲಿಗುಂಡು ಎತ್ತಿಸಿದರು, ಸ್ಪಂಜು ಹಿಚುಕಿಸಿದರು, ಬಟ್ಟೆಗೆ ಹಾಕುವ ಚಿಮಟಿಗೆ ಒತ್ತಿಸಿದರು. ವಾರಗಳು ಕಳೆದವು. ಒಂದು ದಿನ ಎಡಗೈ ಹೆಬ್ಬೆರಳು ತಾನಾಗಿ ಒತ್ತಿತು. ಪ್ಲಾಸ್ಟಿಕ್ ಲೋಟ ಮೇಲೆದ್ದಿತು. ಅದೇ ಲೋಟವನ್ನು ಬಲಗೈಗೆ ಕೊಟ್ಟರು, ಜಾರಿ ಬಿತ್ತು. ಮತ್ತೆ ಕೊಟ್ಟರು, ಮತ್ತೆ ಬಿತ್ತು. ತಮ್ಮ ಹುಟ್ಟಾ ಬಲಗೈಯವನು. ತುಂಡಾದ ಎಳೆಯನ್ನು ಅವನು ಬಲಗೈಯಲ್ಲಿ ಗಂಟು ಹಾಕುವುದನ್ನು ನೋಡಲು ಪಕ್ಕದ ಶೆಡ್ಡಿನವರು ಬರುತ್ತಿದ್ದರು.

"ಎಡಗೈ ಛಲೋ ಬಂದೈತಿ," ಎಂದರು ಡಾಕ್ಟರು. "ಬಲಗೈದ್ದು ಭರವಸಿ ಕೊಡಾಕ ಬರಂಗಿಲ್ಲ."

ಮನೆಗೆ ಬಂದ ಮರುದಿನ ಬೆಳಿಗ್ಗೆ ತಮ್ಮ ಗಾಲಿ ಕುರ್ಚಿಯಲ್ಲಿ ಕೂತು ಎಡಗೈಯಿಂದ ನೀರಿನ ಲೋಟ ಎತ್ತಿದ. ಅವ್ವ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಹತ್ತಿರ ಬರಲಿಲ್ಲ. ಅವನು ಕುಡಿದ. ಅರ್ಧ ನೀರು ಗದ್ದದಿಂದ ಎದೆಗೆ ಇಳಿಯಿತು. ಅವ್ವನಿಗೆ ತಡೆಯಲಾಗಲಿಲ್ಲ, ಓಡಿ ಬಂದು ಸೆರಗಿನಿಂದ ಒರೆಸಿ, ಆ ಕೈಯನ್ನು ಹಿಡಿದುಕೊಳ್ಳಲು ಹೋದಳು.

"ಮುಟ್ಟಬ್ಯಾಡ," ಅಂದ. "ಒಂದ ಕೈ ಉಳದೈತಿ. ಅದನ್ನರ ಬಿಡು ನನಗ."

"ಆತಪ್ಪಾ," ಎಂದಳು ಅವ್ವ. ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು, ಕದ್ದು ಸಿಕ್ಕವರ ಹಾಗೆ.

ನಾನು ಶೆಡ್ಡಿಗೆ ಹೋಗಿ ಮಗ್ಗಗಳ ಬಟನ್ ಆರಿಸಿದೆ. ಆ ಸದ್ದಿನಲ್ಲಿ ಹೇಳಿದರೆ ಅರ್ಧ ಕೇಳಿಸದು, ಅದೇ ನನಗೆ ಮತ್ತೊಂದು ನೆಪವಾಗುತ್ತಿತ್ತು. ಮನೆ ಒಮ್ಮೆಲೇ ಸುಮ್ಮನಾಯಿತು. "ಕರೆಂಟ್ ಹೋತೇನಬೇ?" ಎಂದು ಅವ್ವ ಕೇಳಿದಳು. ನಾನು ತಮ್ಮನ ಮುಂದೆ ನೆಲದ ಮೇಲೆ ಕೂತು, ತೊಡೆಯ ಮೇಲೆ ಬಿದ್ದಿದ್ದ ಅವನ ಬಲಗೈ ನೋಡುತ್ತ ಹೇಳಿದೆ.

"ತಮ್ಮಾ, ಅವ್ವ ಅಲ್ಲ, ನಾನು. ನೀ ಮಕ್ಕೊಂಡಾಗ ದಿನಾ ನಾನ ಜಗ್ಗೇನಿ. ಜಗ್ಗಬ್ಯಾಡ್ರಿ ಅಂತ ಜಮಖಂಡ್ಯಾಗ ಮೇಡಂ ನನಗ ಒಬ್ಬಾಕಿಗೇ ಹೇಳಿದ್ರು. ಗೊತ್ತಿದ್ದೂ ಜಗ್ಗೇನಿ, ಗೊತ್ತಿದ್ದೂ ಅವ್ವನ ಮ್ಯಾಲ ಬಿಟ್ಟೇನಿ. ನಿನ್ನ ಬಲಗೈ ಕಳದಾಕಿ ನಾನು. ತಪ್ಪಾತೋ ತಮ್ಮಾ. ಯವ್ವಾ, ತಪ್ಪಾತು."